ಕೆಲಸ ಹುಡುಕುವಾಗ ಯಾರನ್ನು ಏನು ಕೇಳುವುದು: ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಮಹಿಳೆ ಯಾರೋ ಒಬ್ಬ ನಿಜ ವ್ಯಕ್ತಿಯಲ್ಲ. ಕೆಲಸ ಕಳೆದುಕೊಂಡವರ ಬದುಕಿನಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೆಡೆ ಕೂಡಿಸಿ ಕಟ್ಟಿದ ಪ್ರಕರಣ ಇದು. ಆಕೆಯ ವಾರಗಳು, ಅರ್ಜಿಗಳ ಲೆಕ್ಕ, ಫೋನ್ ಕರೆಗಳ ಲೆಕ್ಕ ಎಲ್ಲವೂ ವಿವರಣೆಗಾಗಿ ಇಟ್ಟುಕೊಂಡವು. ಸಂಶೋಧಕರ ಹೆಸರಿನೊಂದಿಗೆ ಬರುವ ವರ್ಷ ಮತ್ತು ಅಂಕಿಗಳು ಮಾತ್ರ ಆ ಸಂಶೋಧನೆಗಳಿಂದಲೇ ತೆಗೆದುಕೊಂಡವು.

ಏಳನೆಯ ವಾರದ ಸ್ಥಿತಿ

ವಯಸ್ಸು 36. ಒಂದು ಉತ್ಪಾದನಾ ಕಂಪನಿಯ ಖರೀದಿ ವಿಭಾಗದಲ್ಲಿ 11 ವರ್ಷದ ಅನುಭವ. ದರಪಟ್ಟಿ ತರಿಸುವುದು, ಹೋಲಿಸಿ ನೋಡುವುದು, ಆರ್ಡರ್ ಹಾಕುವುದು, ಮಾಲು ತಡವಾದರೆ ಬೆನ್ನು ಹತ್ತುವುದು ಆಕೆಯ ಕೆಲಸವಾಗಿತ್ತು. ವಿಭಾಗವನ್ನೇ ಮುಚ್ಚಿದರು. ಮನೆಯಲ್ಲಿ ಗಂಡ ಮತ್ತು ಶಾಲೆಗೆ ಹೋಗುವ ಮಗ. ಬೇರೆ ಊರಿನಲ್ಲಿ ಅಕ್ಕ.

ಏಳು ವಾರಗಳಲ್ಲಿ 62 ಅರ್ಜಿ ಹಾಕಿದ್ದಾಳೆ. ಮೂರು ಫೋನ್ ಕರೆ ಬಂದಿವೆ, ಒಂದು ಇಂಟರ್ವ್ಯೂ ಆಗಿದೆ, ಅದರ ಉತ್ತರ ಬಂದಿಲ್ಲ. ಮಲಗುವುದು ರಾತ್ರಿ ಎರಡಕ್ಕೆ, ಲ್ಯಾಪ್‌ಟಾಪ್ ತೆರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಹಳೆಯ ಸಹೋದ್ಯೋಗಿಗಳ ಫೋನ್ ಎತ್ತುವುದನ್ನು ಬಿಟ್ಟಿದ್ದಾಳೆ. ಗಂಡ ದಿನಾ ಸಂಜೆ "ಇವತ್ತು ಏನಾದ್ರೂ ಬಂತಾ?" ಎಂದು ಕೇಳುತ್ತಾನೆ, "ಇಲ್ಲ" ಎಂದಷ್ಟೇ ಹೇಳಿ ಎದ್ದು ಹೋಗುತ್ತಾಳೆ. ಅಕ್ಕನ ಮುಂದೆ ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ. ಕೆಲಸ ಹೋದವರೇ ಸೇರಿಕೊಂಡ ಇನ್ನೂರು ಜನರ ಮೊಬೈಲ್ ಗುಂಪೊಂದರಲ್ಲಿ ಮಧ್ಯರಾತ್ರಿಯವರೆಗೆ ಓದುತ್ತ ಕೂರುತ್ತಾಳೆ. ಆಕೆಯ ದೂರು ಒಂದೇ: ಯಾರೂ ಸಹಾಯ ಮಾಡುತ್ತಿಲ್ಲ.

ಈ ದೂರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏಳು ವಾರಗಳಲ್ಲಿ ಆಕೆ ಬಾಯಿಬಿಟ್ಟು ಸಹಾಯ ಕೇಳಿದ್ದು ಇಬ್ಬರನ್ನು. ಇಬ್ಬರಿಗೂ ಹೇಳಿದ್ದು "ಎಲ್ಲಾದ್ರೂ ಏನಾದ್ರೂ ಇದ್ರೆ ಹೇಳಿ" ಎಂದು. ಕೇಳಿದವರು ಖಂಡಿತ ಹೇಳ್ತೀವಿ ಎಂದರು, ಮನಸ್ಸಿನಿಂದಲೇ ಅಂದರು, ಆಮೇಲೆ ಮರೆತರು. "ಏನಾದ್ರೂ" ಎಂಬುದನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಲಾರರು. ಆಕೆಯ ಒಳಿತನ್ನು ಬಯಸುವವರು ಸುತ್ತಲೂ ಕಡಿಮೆಯೆಂದರೆ ನಲವತ್ತು ಜನ ಇದ್ದರು. ಯಾರನ್ನು, ಯಾವಾಗ, ಎಷ್ಟು ಕೇಳಬೇಕು ಎಂಬ ಅಳತೆ ಇರಲಿಲ್ಲ. ಆ ಅಳತೆ ಹೇಗೆ ಬಂತು, ಎಲ್ಲೆಲ್ಲಿ ಕೈಕೊಟ್ಟಿತು ಎಂಬುದೇ ಈ ಪ್ರಕರಣ.

ಒಂಟಿತನ ಇಷ್ಟು ಬೇಗ ಏಕೆ ಬರುತ್ತದೆ

ಆಸ್ಟ್ರಿಯಾದ ಮರೀಂಟಾಲ್ ಎಂಬ ಊರಿನಲ್ಲಿ ಜವಳಿ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಮರಿ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅಲ್ಲಿ ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಜನರಿಗೆ ಬಿಡುವು ಹೆಚ್ಚಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ಕುಗ್ಗಿತು. ಯಾಹೋಡಾ ಆಮೇಲೆ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿದರು. ಕೆಲಸ ಸಂಬಳದ ಜೊತೆಗೆ ಇನ್ನೂ ಐದು ಕೊಡುತ್ತದೆ: ದಿನಕ್ಕೊಂದು ಕಟ್ಟುಪಾಡು, ಮನೆಯ ಹೊರಗಿನ ಜನರ ಒಡನಾಟ, ಹಲವರು ಸೇರಿ ಸಾಧಿಸುವ ಗುರಿ, ಸಮಾಜದಲ್ಲೊಂದು ಗುರುತು, ತೊಡಗಿಕೊಳ್ಳಲೇಬೇಕಾದ ಚಟುವಟಿಕೆ.

ಐದೂ ಒಂದೇ ದಿನ ಹೋಗುತ್ತವೆ. ಆ ಜಾಗ ತುಂಬುವ ಹೊಣೆಯನ್ನು ಹೆಚ್ಚಿನವರು ತಮಗೆ ತಿಳಿಯದೆಯೇ ಮನೆಯ ಒಬ್ಬರ ಮೇಲೆ ಹಾಕುತ್ತಾರೆ. ಈ ಪ್ರಕರಣದಲ್ಲಿ ಅದು ಗಂಡ. ಆತ ಅಲ್ಲಿ ಸೋತದ್ದಕ್ಕೆ ಪ್ರೀತಿಯ ಕೊರತೆ ಕಾರಣವಲ್ಲ. ಒಬ್ಬರಿಂದ ಆಗುವ ಕೆಲಸವೇ ಅದಲ್ಲ.

ನಾಲ್ಕು ಕಾಲಂ

ಎಂಟನೆಯ ವಾರ ಮೊದಲು ಮಾಡಿದ ಕೆಲಸಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ನಲವತ್ತು ನಿಮಿಷ. ಜೇಮ್ಸ್ ಹೌಸ್ ಎಂಬ ಸಮಾಜಶಾಸ್ತ್ರಜ್ಞ 1981ರಲ್ಲಿ ಬೆಂಬಲವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದನ್ನೇ ಆಧರಿಸಿ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದದ್ದು: ಮನಸ್ಸಿಟ್ಟು ಕೇಳಿಸಿಕೊಳ್ಳುವವರು, ಮಾಹಿತಿ ಕೊಡಬಲ್ಲವರು, ಕೈ ಕೆಲಸಕ್ಕೆ ಒದಗುವವರು, ನನ್ನ ಕೆಲಸ ನೋಡಿದವರು, ಅಂದರೆ ನನ್ನಲ್ಲಿ ಏನು ಚೆನ್ನಾಗಿದೆ, ಏನು ಸಾಲದು ಎಂದು ನೇರವಾಗಿ ಹೇಳಬಲ್ಲವರು.

ಮೊದಲ ಸುತ್ತಿನಲ್ಲಿ ನಾಲ್ಕೂ ಕಾಲಂನಲ್ಲಿ ಗಂಡನ ಹೆಸರು. ಕೇಳಿಸಿಕೊಳ್ಳುವವರ ಕಾಲಂನಲ್ಲಿ ಇನ್ಯಾರೂ ಇಲ್ಲ. ಮಾಹಿತಿಯ ಕಾಲಂ ಬಹುಪಾಲು ಖಾಲಿ. ಎರಡನೆಯ ಸುತ್ತಿಗೆ ಆಕೆ ಹಳೆಯ ಫೋನ್ ಪಟ್ಟಿ, ಹಳೆಯ ಇಮೇಲ್, ಲಿಂಕ್ಡ್‌ಇನ್ ಮೂರನ್ನೂ ತೆರೆದಿಟ್ಟುಕೊಂಡು ಕೂತಳು. ಆಗ ಮಾಹಿತಿಯ ಕಾಲಂನಲ್ಲಿ 31 ಹೆಸರು ಬಂದವು. ಸರಬರಾಜು ಕಂಪನಿಗಳ ಮಾರಾಟ ಪ್ರತಿನಿಧಿಗಳು, ಸಾಗಣೆಯವರು, ಲೆಕ್ಕಪತ್ರ ವಿಭಾಗದಲ್ಲಿದ್ದು ಬೇರೆಡೆ ಹೋದವರು, ತರಬೇತಿಯಲ್ಲಿ ಪಕ್ಕ ಕೂತವರು. ನೆನಪಿನಿಂದಷ್ಟೇ ಪಟ್ಟಿ ಮಾಡಿದರೆ ಇವರು ಹೊಳೆಯುವುದೇ ಇಲ್ಲ. ಮನಸ್ಸು ಕುಗ್ಗಿದಾಗ ನೆನಪಿಗೆ ಬರುವುದು ಹತ್ತಿರದ ಏಳೆಂಟು ಜನ ಮಾತ್ರ. ಅದಕ್ಕಾಗಿಯೇ ಪಟ್ಟಿಗಳನ್ನು ತೆರೆದಿಟ್ಟುಕೊಂಡು ಬರೆಯಬೇಕು.

ಅಕ್ಕನ ಹೆಸರು ಎಲ್ಲಿ ಹಾಕುವುದು ಎಂಬಲ್ಲಿ ಸ್ವಲ್ಪ ತಡೆಯಿತು. ಅಕ್ಕನಿಗೆ ತಂಗಿಯೆಂದರೆ ಪ್ರಾಣ. ಆದರೆ ಕಷ್ಟ ಹೇಳಿದ ಕೂಡಲೇ "ನೀನು ಆವಾಗಲೇ ಬೇರೆ ಕಡೆ ನೋಡ್ಬೇಕಿತ್ತು" ಎಂದು ಶುರುಮಾಡುತ್ತಾಳೆ. ಅವಳನ್ನು ಮೂರನೆಯ ಕಾಲಂಗೆ ಹಾಕಿದ್ದಾಯಿತು. ಇಂಟರ್ವ್ಯೂ ದಿನಗಳಲ್ಲಿ ಸಂಜೆ ಒಂದು ಗಂಟೆ ಹುಡುಗನಿಗೆ ಫೋನಿನಲ್ಲೇ ಪಾಠ ಹೇಳಿಕೊಡುವುದು ಅಕ್ಕನ ಕೆಲಸ. ಅವಳು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಯಾರು ಯಾವುದಕ್ಕೆ ಒದಗುತ್ತಾರೋ ಅದನ್ನೇ ಕೇಳಿದರೆ ಸಂಬಂಧವೂ ಉಳಿಯುತ್ತದೆ.

ಮನೆಯೊಳಗಿನ ಒಪ್ಪಂದ

ಸಂಜೆಯ ಆ ಪ್ರಶ್ನೆಯನ್ನು ನಿಲ್ಲಿಸಬೇಕಿತ್ತು. ಆದರೆ "ಕೇಳ್ಬೇಡ" ಎಂದರೆ ಕೇಳುವವನ ಆತಂಕ ಇಂಗುವುದಿಲ್ಲ. ಆತನ ಪ್ರಶ್ನೆಯೊಳಗೆ ಹಣದ ಭಯ ಅಡಗಿತ್ತು. ಆಕೆಗೆ ಅದು ವಿಚಾರಣೆಯಂತೆ ಕೇಳಿಸುತ್ತಿತ್ತು. ಹೀಗಾಗಿ ಎರಡನ್ನೂ ಬೇರೆ ಮಾಡಿದರು. ತಿಂಗಳಿಗೊಮ್ಮೆ, ಮೊದಲ ಭಾನುವಾರ ಬೆಳಿಗ್ಗೆ, ಹಣದ ಮಾತು. ಕೈಯಲ್ಲಿರುವುದು ಎಷ್ಟು, ತಿಂಗಳ ಖರ್ಚು ಎಷ್ಟು, ಎಷ್ಟು ತಿಂಗಳು ನಡೆಯುತ್ತದೆ, ಯಾವ ಹಂತ ತಲುಪಿದರೆ ಯಾವ ಖರ್ಚು ನಿಲ್ಲಿಸುವುದು, ಎಲ್ಲ ಕಾಗದದ ಮೇಲೆ. ಕೆಲಸದ ಹುಡುಕಾಟದ ಮಾತು ಬುಧವಾರ ಮತ್ತು ಶನಿವಾರ, ಇಪ್ಪತ್ತು ನಿಮಿಷ, ಆಕೆಯೇ ಶುರುಮಾಡಬೇಕು. ಒಳ್ಳೆಯ ಸುದ್ದಿ ಇದ್ದರೆ ಯಾವ ದಿನವಾದರೂ ಹೇಳಬಹುದು. ಉಳಿದ ದಿನ ಬೇರೆ ಮಾತು.

ಮೊದಲ ವಾರ ಇದು ಸರಿಯಾಗಿ ನಡೆಯಲಿಲ್ಲ. ಮಂಗಳವಾರ ಆತ ಕೇಳಲಿಲ್ಲ, ಆದರೆ ಆತನ ಮುಖ ಕೇಳುತ್ತಿತ್ತು. ಅದಕ್ಕೊಂದು ಉಪಾಯ ಸಿಕ್ಕಿತು. ಆ ದಿನ ಮಾಡಿದ್ದನ್ನು ಆಕೆ ಫ್ರಿಜ್ ಮೇಲಿನ ಚೀಟಿಯಲ್ಲಿ ಒಂದು ಸಾಲಿನಲ್ಲಿ ಬರೆದಿಡುತ್ತಾಳೆ: "ಎರಡು ಅರ್ಜಿ, ಒಂದು ಫೋನ್." ಫಲಿತಾಂಶ ಬರೆಯುವಂತಿಲ್ಲ, ಮಾಡಿದ್ದು ಮಾತ್ರ. ಆತನಿಗೆ ಕೆಲಸ ಸಾಗುತ್ತಿದೆ ಎಂದು ತಿಳಿಯಿತು, ಆಕೆಗೆ ಬಾಯಿಬಿಟ್ಟು ವರದಿ ಒಪ್ಪಿಸುವುದು ತಪ್ಪಿತು.

ಮನೆಯವರ ಬಗ್ಗೆ ಎರಡು ಸಂಶೋಧನೆಗಳನ್ನು ಇಲ್ಲಿ ನೆನೆಯಬೇಕು. ಅಮಿರಾಮ್ ವಿನೊಕುರ್ ಮತ್ತು ಮಿಶೆಲ್ ವಾನ್ ರಿನ್ 1993ರಲ್ಲಿ ನಿರುದ್ಯೋಗಿಗಳ ಹತ್ತಿರದ ಸಂಬಂಧಗಳನ್ನು ಪರಿಶೀಲಿಸಿದಾಗ, ಟೀಕೆ, ಸಿಡಿಮಿಡಿ, ಹಂಗಿಸುವುದು ಮನಸ್ಸಿನ ಮೇಲೆ ಮಾಡುವ ಪರಿಣಾಮ ಬೆಂಬಲದ ಪರಿಣಾಮಕ್ಕಿಂತ ಪ್ರಬಲವಾಗಿ ಕಂಡಿತು. ಹಾಗಾಗಿ ಮನೆಯವರು ಮೊದಲು ಮಾಡಬೇಕಾದ ಉಪಕಾರ ಚುಚ್ಚುಮಾತು ನಿಲ್ಲಿಸುವುದು. ಹುರಿದುಂಬಿಸುವ ಮಾತು ಆಮೇಲೆ ಬಂದರೂ ನಡೆದೀತು. ಇನ್ನೊಂದು, ನೈಲ್ ಬೋಲ್ಜರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ವಕೀಲಿ ಪರೀಕ್ಷೆಗೆ ಓದುತ್ತಿದ್ದವರನ್ನೂ ಅವರ ಸಂಗಾತಿಗಳನ್ನೂ ದಿನವಹಿ ಗಮನಿಸಿದಾಗ, ಪಡೆದವರ ಗಮನಕ್ಕೆ ಬಾರದಂತೆ ಕೊಟ್ಟ ಬೆಂಬಲವೇ ಹೆಚ್ಚು ಉಪಕಾರಿಯಾಗಿತ್ತು. ತನಗೆ ಸಹಾಯ ಬೇಕಾಗಿದೆ ಎಂದು ಎದ್ದು ಕಾಣುವುದೇ ಕೆಲವೊಮ್ಮೆ ಭಾರವಾಗುತ್ತದೆ. ಇಂಟರ್ವ್ಯೂ ಇರುವ ಬೆಳಿಗ್ಗೆ ಗಂಡ ಏನೂ ಹೇಳದೆ ಮಗನನ್ನು ಶಾಲೆಗೆ ಬಿಟ್ಟು ಬರಲು ಶುರುಮಾಡಿದ. ಈ ಇಡೀ ಒಪ್ಪಂದದಲ್ಲಿ ಹೆಚ್ಚು ಕೆಲಸ ಮಾಡಿದ್ದು ಇದೇ ಇರಬೇಕು.

ಐದು ಜನರ ಗುಂಪು

ಇನ್ನೂರು ಜನರ ಗುಂಪಿನಲ್ಲಿ ಎರಡು ಬಗೆಯ ಸಂದೇಶ ಬರುತ್ತಿದ್ದವು: ಖಾಲಿ ಹುದ್ದೆಗಳ ಲಿಂಕ್, ಮತ್ತು ಕಂಪನಿಗಳನ್ನು, ಎಚ್‌ಆರ್‌ಗಳನ್ನು ಬೈಯುವುದು. ಲಿಂಕ್ ಎಲ್ಲರಿಗೂ ಏಕಕಾಲಕ್ಕೆ ಸಿಗುವುದರಿಂದ ಅದರಲ್ಲಿ ವಿಶೇಷ ಲಾಭವಿಲ್ಲ. ಬೈಗುಳ ಓದಿದರೆ ಒಂದು ಕ್ಷಣ ನಾನೊಬ್ಬಳೇ ಅಲ್ಲ ಎನ್ನಿಸುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ. ಒಂದೇ ದುಃಖವನ್ನು ಜೊತೆಯಲ್ಲಿ ತಿರುವಿ ತಿರುವಿ ಮಾತಾಡುವುದರಿಂದ ಸ್ನೇಹ ಗಟ್ಟಿಯಾದರೂ ಖಿನ್ನತೆ ಹೆಚ್ಚುವುದುಂಟು ಎಂದು ಅಮಾಂಡಾ ರೋಸ್ 2002ರಲ್ಲಿ ಹದಿಹರೆಯದವರ ಅಧ್ಯಯನದಲ್ಲಿ ತೋರಿಸಿದ್ದರು. ದೊಡ್ಡವರೂ ಇದನ್ನು ಎಚ್ಚರಿಕೆಯಾಗಿ ತೆಗೆದುಕೊಳ್ಳಬಹುದು. ಆಕೆ ಗುಂಪನ್ನು ಬಿಡಲಿಲ್ಲ. ಸದ್ದು ಅಡಗಿಸಿ, ವಾರಕ್ಕೊಮ್ಮೆ ಲಿಂಕ್‌ಗಳಿಗಾಗಿ ಮಾತ್ರ ನೋಡತೊಡಗಿದಳು.

ಅದರ ಜಾಗಕ್ಕೆ ಬಂದದ್ದು ಐದು ಜನರ ಗುಂಪು. ಈ ಕಲ್ಪನೆ ಹಳೆಯದು. ಅಮೆರಿಕದ ನೇಥನ್ ಆ್ಯಜ್ರಿನ್ ಮತ್ತು ಸಂಗಡಿಗರು 1975ರಲ್ಲಿ ಕೆಲಸ ಹುಡುಕುವವರ ಕ್ಲಬ್ಬಿನ ಪ್ರಯೋಗವನ್ನು ಪ್ರಕಟಿಸಿದರು. ಜನ ಒಂದೆಡೆ ಸೇರಿ, ಜೋಡಿಯಾಗಿ, ಒಬ್ಬರ ಫೋನ್ ಮಾತನ್ನು ಇನ್ನೊಬ್ಬರು ಕೇಳಿ ತಿದ್ದುತ್ತ ಕೆಲಸ ಹುಡುಕುತ್ತಿದ್ದರು. ಎರಡು ತಿಂಗಳಲ್ಲಿ ಕ್ಲಬ್ಬಿನವರಲ್ಲಿ ಶೇ 90 ಜನರಿಗೆ ಕೆಲಸ ಸಿಕ್ಕಿತ್ತು, ಕ್ಲಬ್ಬಿಲ್ಲದವರಲ್ಲಿ ಶೇ 55 ಜನರಿಗೆ. ಆ ಅಂಕಿಯನ್ನು ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಹಾಗೇ ಅನ್ವಯಿಸಲಾಗದು. ಕ್ಲಬ್ಬು ನಡೆಸಿದ ಕ್ರಮ ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಐದೇ ಏಕೆ? ಮೂವರಾದರೆ ಒಬ್ಬರು ತಪ್ಪಿದ ದಿನ ಸಭೆಯೇ ಇಲ್ಲ. ಏಳಾದರೆ ಒಬ್ಬೊಬ್ಬರ ಪಾಲಿಗೆ ಸಮಯ ಸಾಲದು. ಸದಸ್ಯರನ್ನು ಆರಿಸುವಾಗ ನೋಡಿದ್ದು ಎರಡು ಸಂಗತಿ. ಎಲ್ಲರೂ ಈಗ ಕೆಲಸ ಹುಡುಕುತ್ತಿರಬೇಕು, ಮತ್ತು ಯಾವ ಇಬ್ಬರೂ ಒಂದೇ ಬಗೆಯ ಹುದ್ದೆ ಹುಡುಕುತ್ತಿರಬಾರದು. ಹಳೆಯ ಕಂಪನಿಯ ಗುಣಮಟ್ಟ ವಿಭಾಗದವರು ಒಬ್ಬರು, ಲೆಕ್ಕಪತ್ರದವರು ಒಬ್ಬರು, ತರಬೇತಿಯಲ್ಲಿ ಪರಿಚಯವಾದ ಶಿಕ್ಷಕಿ, ಆ ಶಿಕ್ಷಕಿ ಕರೆತಂದ ಸಾಫ್ಟ್‌ವೇರ್ ಪರೀಕ್ಷಕ. ಆಪ್ತ ಗೆಳತಿಯರನ್ನು ಬೇಕೆಂದೇ ಕರೆಯಲಿಲ್ಲ. ಆಪ್ತರ ನಡುವೆ ಹೊತ್ತು ನೋಡುವುದು, ಹೇಳಿದ್ದು ಮಾಡಿದೆಯಾ ಎಂದು ಕೇಳುವುದು ಕಷ್ಟ.

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 9.30ಕ್ಕೆ ವಿಡಿಯೊ ಕರೆಯಲ್ಲಿ ಸೇರುವುದು, 75 ನಿಮಿಷ. ಬೆಳಿಗ್ಗೆಯೇ ಏಕೆಂದರೆ ಕುಸಿದು ಬೀಳುವುದು ದಿನದ ಮೊದಲ ಭಾಗ. 9.30ಕ್ಕೆ ಯಾರೋ ಕಾಯುತ್ತಾರೆ ಎಂದರೆ ಎಂಟಕ್ಕೆ ಏಳುವುದು ಅನಿವಾರ್ಯವಾಗುತ್ತದೆ, ರಾತ್ರಿ ಎರಡರವರೆಗೆ ಕೂರುವುದೂ ತಾನಾಗಿ ಕಡಿಮೆಯಾಗುತ್ತದೆ. ಆಕೆಯ ನಿದ್ದೆ ಸರಿಹೋಗಲು ಮೂರು ವಾರ ಹಿಡಿಯಿತು.

ಮೊದಲ ಐದು ನಿಮಿಷ ಕ್ಷೇಮ ಸಮಾಚಾರ. ಆಮೇಲೆ ತಲಾ 12 ನಿಮಿಷ. ಅದರಲ್ಲಿ ಎರಡು ನಿಮಿಷ ಕಳೆದ ಸಲ ಒಪ್ಪಿಕೊಂಡದ್ದು ಆಯಿತೇ ಎಂಬುದಕ್ಕೆ, ಏಳು ನಿಮಿಷ ಈಗಿನ ಒಂದೇ ಒಂದು ತೊಡಕಿಗೆ, ಮೂರು ನಿಮಿಷ ಮುಂದಿನ ಸಭೆಯೊಳಗೆ ಮಾಡುವುದನ್ನು ಲೆಕ್ಕ ಸಮೇತ ಹೇಳುವುದಕ್ಕೆ. "ಅರ್ಜಿ ಹಾಕ್ತೀನಿ" ಎಂದರೆ ನಡೆಯದು. "ಬುಧವಾರ ಮಧ್ಯಾಹ್ನದೊಳಗೆ ಎರಡು ಅರ್ಜಿ, ಇಬ್ಬರಿಗೆ ಸಂದೇಶ" ಎನ್ನಬೇಕು. ಕೊನೆಯ ಹತ್ತು ನಿಮಿಷ ಯಾರಿಗೆ ಯಾರ ಪರಿಚಯ ಮಾಡಿಸಬಹುದು ಎಂದು ನೋಡುವುದಕ್ಕೆ. ಹೊತ್ತು ನೋಡುವ ಕೆಲಸ ಸರದಿಯಲ್ಲಿ ಬರುತ್ತದೆ. ತೊಡಕು ಹೇಳುವ ಮುನ್ನ ಪ್ರತಿಯೊಬ್ಬರೂ ಒಂದು ಮಾತು ಹೇಳಲೇಬೇಕು: ಸಲಹೆ ಬೇಕು, ಅಥವಾ ಸುಮ್ಮನೆ ಕೇಳಿಸಿಕೊಂಡರೆ ಸಾಕು. ಈ ಒಂದು ಮಾತು ಅನೇಕ ಮನಸ್ತಾಪಗಳನ್ನು ತಪ್ಪಿಸಿತು.

ಗುಂಪು ಶುರುವಾದ ಮೂರನೆಯ ವಾರ ಅದು ಒಡೆಯುವ ಹಂತಕ್ಕೆ ಬಂತು. ಗುಣಮಟ್ಟ ವಿಭಾಗದವರು ಹಳೆಯ ಮ್ಯಾನೇಜರ್ ಬಗ್ಗೆ ಮಾತು ತೆಗೆದರೆ ಇನ್ನಿಬ್ಬರು ದನಿಗೂಡಿಸುತ್ತಿದ್ದರು, 75 ನಿಮಿಷ ಅದರಲ್ಲೇ ಮುಗಿಯುತ್ತಿತ್ತು. ಸಾಫ್ಟ್‌ವೇರ್ ಪರೀಕ್ಷಕ ಎರಡು ಸಭೆಗೆ ಬರಲಿಲ್ಲ. ಬೈಯುವುದನ್ನು ಪೂರ್ತಿ ನಿಷೇಧಿಸಿದರೆ ಜನ ಸುಳ್ಳು ಉತ್ಸಾಹ ತೋರಿಸತೊಡಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಹೀಗಾಗಿ ಅದಕ್ಕೆ ಮಿತಿ ಹಾಕಿದರು. ಕೋಪ ಹೇಳಿಕೊಳ್ಳುವವರು ತಮ್ಮ 12 ನಿಮಿಷದಲ್ಲೇ ಹೇಳಿಕೊಳ್ಳಬೇಕು, ಕೊನೆಯ ಮೂರು ನಿಮಿಷ ಮಾತ್ರ ಮುಂದಿನ ಹೆಜ್ಜೆಗೇ ಮೀಸಲು.

ಹಳೆಯ ಕೆಲಸದ ಗಾಯ ಅಷ್ಟರಲ್ಲಿ ಆರದವರಿಗೆ ಇನ್ನೊಂದು ದಾರಿ ಇದೆ. ಸ್ಟೆಫನಿ ಸ್ಪೆರಾ, ಎರಿಕ್ ಬುರ್‌ಫೈಂಡ್ ಮತ್ತು ಜೇಮ್ಸ್ ಪೆನ್ನೆಬೇಕರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡವರು ಸತತ ಐದು ದಿನ, ದಿನಕ್ಕೆ 20 ನಿಮಿಷ, ಆ ಅನುಭವದ ಬಗ್ಗೆ ಮನಸ್ಸು ಬಿಚ್ಚಿ ಬರೆದರು. ಬರೆದವರಿಗೆ ಬೇಗ ಕೆಲಸ ಸಿಕ್ಕಿತು. ಅವರು ಹೆಚ್ಚು ಹುಡುಕಾಡಿದ್ದರಿಂದ ಹೀಗಾಗಲಿಲ್ಲ. ಹಳೆಯ ಕೆಲಸದ ಬಗ್ಗೆ ಅವರ ನಿಲುವು ಬದಲಾದಂತೆ ಕಂಡಿತು. ಇಂಟರ್ವ್ಯೂನಲ್ಲಿ ಕಹಿ ಉಕ್ಕಿ ಬಂದರೆ ಎದುರಿಗಿದ್ದವರಿಗೆ ತಟ್ಟನೆ ಗೊತ್ತಾಗುತ್ತದೆ. ಗುಣಮಟ್ಟ ವಿಭಾಗದವರು ಐದು ದಿನ ಬರೆದರು, ಯಾರಿಗೂ ತೋರಿಸಲಿಲ್ಲ. ಮ್ಯಾನೇಜರ್ ವಿಷಯ ಪೂರ್ತಿ ನಿಲ್ಲಲಿಲ್ಲ, ಚಿಕ್ಕದಾಯಿತು.

ಇನ್ನೊಂದು ತೊಡಕು ಒಂದೇ ಹುದ್ದೆಗೆ ಇಬ್ಬರು ಅರ್ಜಿ ಹಾಕಿದ್ದು. ಬೇರೆ ಬೇರೆ ಕ್ಷೇತ್ರದವರನ್ನು ಆರಿಸಿದ್ದರೂ ಖರೀದಿ ಮತ್ತು ಲೆಕ್ಕಪತ್ರ ಎರಡನ್ನೂ ನೋಡಿಕೊಳ್ಳುವ ಹುದ್ದೆಯೊಂದು ಬಂತು. ಲೆಕ್ಕಪತ್ರದವರು ಗುಟ್ಟಾಗಿ ಅರ್ಜಿ ಹಾಕಿದ್ದು ಆಮೇಲೆ ತಿಳಿದು ಮಾತು ಮುರಿಯಿತು. ಅಂದಿನಿಂದ ಹೀಗೆ ಮಾಡಿಕೊಂಡರು: ಹುದ್ದೆಯ ಸುದ್ದಿ ತಂದವರು ತಾವು ಅರ್ಜಿ ಹಾಕುತ್ತೇವೋ ಇಲ್ಲವೋ ಮೊದಲೇ ಹೇಳಬೇಕು. ಇಬ್ಬರೂ ಹಾಕಬಹುದು, ಮುಚ್ಚಿಡಬಾರದು. ಇಬ್ಬರೂ ಹಾಕಿದ ಹುದ್ದೆಯ ತಯಾರಿಯಲ್ಲಿ ಒಬ್ಬರಿಗೊಬ್ಬರು ಜೊತೆಯಾಗುವುದು ಬೇಡ, ಉಳಿದ ಮೂವರು ಇಬ್ಬರಿಗೂ ನೆರವಾಗುತ್ತಾರೆ.

ಬರುವುದನ್ನು ನಿಲ್ಲಿಸಿದವರಿಗೆ ಗುಂಪಿನಲ್ಲಿ ಸಂದೇಶ ಹಾಕಿದರೆ ನಾಚಿಕೆ ಹೆಚ್ಚುತ್ತದೆ. ಒಬ್ಬರೇ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ಕೇಳದೆ, "ಗುರುವಾರ ನೀವು ಮಾತಾಡೋದು ಬೇಡ, ಸುಮ್ನೆ ಕೂತಿರಿ, ಸಾಕು" ಎಂದು ಕರೆಯಬೇಕು. ಪರೀಕ್ಷಕ ಮರಳಿ ಬಂದದ್ದು ಹಾಗೆ.

ಗುಂಪಿನ ಅತಿ ಬೆಲೆಬಾಳುವ ಕೆಲಸ ಅಣಕು ಇಂಟರ್ವ್ಯೂ. ಜೋಡಿಯಾಗಿ 25 ನಿಮಿಷ ಪ್ರಶ್ನೆ, 10 ನಿಮಿಷ ವಿಮರ್ಶೆ. ಆಕೆ ಎಡವುತ್ತಿದ್ದುದು "ಹಿಂದಿನ ಕೆಲಸ ಯಾಕೆ ಬಿಟ್ಟಿರಿ?" ಎಂಬಲ್ಲಿ. ರೆಕಾರ್ಡ್ ಮಾಡಿ ನೋಡಿದರೆ ಉತ್ತರ ಮೂರು ನಿಮಿಷ ಎಳೆಯುತ್ತಿತ್ತು: ಕಂಪನಿಯ ನಷ್ಟ, ಹೊಸ ಆಡಳಿತ, ತನ್ನ ತಪ್ಪಿಲ್ಲವೆಂಬ ಸಮರ್ಥನೆ. ಸಮರ್ಥನೆ ಉದ್ದವಾದಷ್ಟೂ ಅನುಮಾನ ಬೆಳೆಯುತ್ತದೆ. ಆರು ಸಲ ಅಭ್ಯಾಸ ಮಾಡಿದ ಮೇಲೆ ಅದು ಹೀಗಾಯಿತು: "ಕಂಪನಿ ಖರೀದಿ ವಿಭಾಗವನ್ನು ಮುಚ್ಚಿ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿತು. 11 ವರ್ಷ ಅಲ್ಲಿ ದರ ಮಾತುಕತೆ ಮತ್ತು ಸರಬರಾಜುದಾರರ ಆಯ್ಕೆ ಮಾಡಿದ್ದೇನೆ, ಅದೇ ಕೆಲಸವನ್ನು ಇಲ್ಲಿ ಮಾಡಲು ಬಂದಿದ್ದೇನೆ." ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಗಂಡನ ಮುಂದೆ ಈ ಅಭ್ಯಾಸ ಆಗುತ್ತಿರಲಿಲ್ಲ. ಆತ ಮೊದಲ ಉತ್ತರಕ್ಕೇ ಚೆನ್ನಾಗಿದೆ ಎಂದುಬಿಡುತ್ತಿದ್ದ.

ದೂರದ ಪರಿಚಯದವರು

ಕೆಲಸದ ಸುದ್ದಿ ಹತ್ತಿರದವರಿಂದ ಬರುವುದಕ್ಕಿಂತ ಹೆಚ್ಚಾಗಿ ದೂರದ ಪರಿಚಯದವರಿಂದ ಬರುತ್ತದೆ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನು ತೋರಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದಾಗ, ಆ ವ್ಯಕ್ತಿಯನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ 16.7, ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ಶೇ 27.8. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಬಳಗದಲ್ಲಿ ಓಡಾಡುತ್ತಾರೆ. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಪ್ರಕಟವಾಗಿ ಇದಕ್ಕೊಂದು ತಿದ್ದುಪಡಿ ಸೇರಿಸಿತು: ತೀರಾ ದೂರದವರಿಗಿಂತ, ಒಂದಿಷ್ಟು ಸಾಮಾನ್ಯ ಪರಿಚಯಸ್ಥರಿರುವ ಮಧ್ಯಮ ದೂರದವರೇ ಹೆಚ್ಚು ಉಪಯೋಗಕ್ಕೆ ಬಂದರು. ಆಕೆಯ ಪಟ್ಟಿಯ ಸರಬರಾಜುದಾರರು ಸರಿಯಾಗಿ ಇಂಥವರೇ.

ಅಡ್ಡಿ ಇದ್ದದ್ದು ಸಂಕೋಚದಲ್ಲಿ. ಎರಡು ವರ್ಷ ಮಾತಾಡದವರಿಗೆ ಈಗ ಹೇಗೆ ಫೋನ್ ಮಾಡುವುದು? ಮೊದಲ ಸಂದೇಶವನ್ನು ಗುಂಪಿನ ಐವರೂ ಸೇರಿ ತಿದ್ದಿದರು:

"ನಮಸ್ಕಾರ ಸರ್. ಹಿಂದಿನ ಕಂಪನಿಯಲ್ಲಿ ಪ್ಯಾಕಿಂಗ್ ಸಾಮಗ್ರಿಯ ಆರ್ಡರ್ ವಿಷಯವಾಗಿ ನಿಮ್ಮ ಜೊತೆ ಮಾತಾಡುತ್ತಿದ್ದೆ. ನಮ್ಮ ವಿಭಾಗ ಮುಚ್ಚಿದೆ, ಈಗ ಖರೀದಿ ಕೆಲಸವನ್ನೇ ಬೇರೆ ಕಡೆ ನೋಡುತ್ತಿದ್ದೇನೆ. ನೀವು ಔಷಧ ಕಂಪನಿಗಳಿಗೂ ಮಾಲು ಕೊಡುತ್ತೀರಲ್ಲ, ಅಲ್ಲಿ ಖರೀದಿಯವರಿಗೆ ಏನೇನು ಗೊತ್ತಿರಬೇಕು ಎಂದು ಕೇಳಬೇಕಿತ್ತು. ಗುರುವಾರ ಅಥವಾ ಶುಕ್ರವಾರ ಸಂಜೆ 15 ನಿಮಿಷ ಫೋನಿನಲ್ಲಿ ಸಿಗುತ್ತೀರಾ? ಬಿಡುವಿಲ್ಲದಿದ್ದರೆ ಪರವಾಗಿಲ್ಲ ಸರ್."

ಯಾರು ಎಂದು ನೆನಪಿಸುವುದು, ಈಗಿನ ಸ್ಥಿತಿಯನ್ನು ಮರೆಮಾಚದೆ ಒಂದೇ ವಾಕ್ಯದಲ್ಲಿ ಹೇಳುವುದು, ಅವರಿಗೆ ಖಂಡಿತ ಗೊತ್ತಿರುವುದನ್ನೇ ಕೇಳುವುದು, ಸಮಯದ ಮಿತಿ, ಇಲ್ಲ ಎನ್ನಲು ದಾರಿ. ಕೆಲಸ ಕೇಳಿಲ್ಲ. ಕೆಲಸ ಕೊಡಿಸಿ ಎಂದರೆ ಕೊಡಿಸಲಾಗದವರು ಉತ್ತರಿಸದೆ ಸುಮ್ಮನಾಗುತ್ತಾರೆ. ಗೊತ್ತಿರುವುದನ್ನು ಹೇಳಿ ಎಂದರೆ ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ರೆಸ್ಯೂಮೆಯನ್ನು ಮೊದಲ ಸಂದೇಶಕ್ಕೆ ಅಂಟಿಸಬಾರದು. ಅವರೇ ಕೇಳುವವರೆಗೆ ಕಾಯಬೇಕು.

ವಾರಕ್ಕೆ ಐದು ಸಂದೇಶ. ಏಳು ದಿನವಾದರೂ ಉತ್ತರ ಬರದಿದ್ದರೆ ಒಂದೇ ಒಂದು ನೆನಪೋಲೆ, ಆಮೇಲೆ ಬಿಡುವುದು. 24 ಜನರಲ್ಲಿ 11 ಮಂದಿ ಉತ್ತರಿಸಿದರು, 7 ಮಂದಿ ಮಾತಾಡಿದರು. ಉತ್ತರಿಸದ 13 ಜನರ ಬಗ್ಗೆ ಆಕೆ ಮೊದಮೊದಲು ಬಹಳ ನೊಂದುಕೊಂಡಳು. ಇಲ್ಲಿ ಗುಂಪು ಒದಗಿ ಬಂತು, ಉಳಿದ ನಾಲ್ವರ ಲೆಕ್ಕವೂ ಹೆಚ್ಚುಕಡಿಮೆ ಹಾಗೇ ಇತ್ತು. ಒಬ್ಬರೇ ಇದ್ದಾಗ ಅವಮಾನವೆನಿಸುವ ಸಂಖ್ಯೆ ಐವರ ನಡುವೆ ಸಾಮಾನ್ಯವೆಂದು ಗೊತ್ತಾಗುತ್ತದೆ.

ಮಾತಿನ ಕೊನೆಯಲ್ಲಿ ಪ್ರತಿ ಸಲವೂ "ಇನ್ನು ಯಾರ ಜೊತೆ ಮಾತಾಡಿದ್ರೆ ಒಳ್ಳೇದು ಸರ್?" ಎಂದು ಕೇಳಬೇಕು. ಮರುದಿನ ಕೃತಜ್ಞತೆ. ಮೂರು ವಾರ ಬಿಟ್ಟು, ಅವರು ಹೇಳಿದ್ದನ್ನು ಮಾಡಿದ್ದರಿಂದ ಏನಾಯಿತು ಎಂದು ಎರಡು ಸಾಲು. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪರಿಚಯ ಸಂಬಂಧವಾಗುವುದು ಅಲ್ಲಿಂದಲೇ.

ಇಲ್ಲ ಎಂದ ದಿನ

ಮಿಚಿಗನ್ ವಿಶ್ವವಿದ್ಯಾಲಯದವರು ನಿರುದ್ಯೋಗಿಗಳಿಗಾಗಿ ರೂಪಿಸಿದ ಕಾರ್ಯಕ್ರಮದಲ್ಲಿ ಐದು ಅರ್ಧ ದಿನಗಳ ಗುಂಪು ತರಬೇತಿ ಇರುತ್ತದೆ. ಅದರ ಮುಖ್ಯ ಭಾಗ, ಬರಲಿರುವ ನಿರಾಶೆಯನ್ನು ಮೊದಲೇ ಊಹಿಸಿ ಆಗ ಏನು ಮಾಡುವುದೆಂದು ನಿರ್ಧರಿಸಿಡುವುದು. ಖಿನ್ನತೆಯ ಅಪಾಯ ಹೆಚ್ಚಿರುವವರಿಗೇ ಅದರ ಲಾಭ ಹೆಚ್ಚು ಎಂದು ಫಲಿತಾಂಶಗಳು ತೋರಿಸಿವೆ. ಆಕೆ ಒಂದು ಒಳ್ಳೆಯ ದಿನ ನೋಡಿ ಚೀಟಿ ಬರೆದಿಟ್ಟಳು: ಇಲ್ಲ ಎಂಬ ಇಮೇಲ್ ಬಂದರೆ ಲ್ಯಾಪ್‌ಟಾಪ್ ಮುಚ್ಚುವುದು, ಶಿಕ್ಷಕಿಗೆ ಫೋನ್ ಮಾಡಿ "ಇಲ್ಲ ಅಂದ್ರು, ಹತ್ತು ನಿಮಿಷ ಮಾತಾಡ್ಬೇಕು, ಸಲಹೆ ಬೇಡ" ಎನ್ನುವುದು, ಅರ್ಧ ಗಂಟೆ ನಡೆಯುವುದು, ಆ ದಿನ ಹೊಸ ಅರ್ಜಿ ಹಾಕದಿರುವುದು, ಮರುದಿನ ಬೆಳಿಗ್ಗೆ ಒಂದು ಸಂದೇಶ ಕಳಿಸುವುದು.

ಹದಿನಾಲ್ಕನೆಯ ವಾರ ಮೂರು ಸುತ್ತು ಮುಗಿದಿದ್ದ ಕಂಪನಿಯೊಂದು ಇಲ್ಲ ಎಂದಿತು. ಶಿಕ್ಷಕಿ ಫೋನ್ ಎತ್ತಲಿಲ್ಲ. ಚೀಟಿಯಲ್ಲಿ ಎರಡನೆಯ ಹೆಸರಿರಲಿಲ್ಲ. ಆಕೆ ಆ ಸಂಜೆ ಯಾರೊಂದಿಗೂ ಮಾತಾಡದೆ ಕಳೆದಳು, ಗುರುವಾರದ ಸಭೆಗೂ ಹೋಗಲಿಲ್ಲ. ಆಮೇಲೆ ಎಲ್ಲರ ಚೀಟಿಯಲ್ಲೂ ಮೂರು ಹೆಸರು ಬಂದವು, ಅದರಲ್ಲಿ ಒಂದು ಗುಂಪಿನ ಹೊರಗಿನದು.

ಸ್ನೇಹಿತರ ಕೈಮೀರಿದ ಸ್ಥಿತಿಯೂ ಇರುತ್ತದೆ. ಎರಡು ವಾರಕ್ಕೂ ಮೀರಿ ಹೆಚ್ಚಿನ ದಿನ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ ವೈದ್ಯರನ್ನು ಕಾಣಬೇಕು. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಅದೇ ದಿನ, ತಡಮಾಡದೆ, ವೈದ್ಯರಿಗೋ ಸಹಾಯವಾಣಿಗೋ ಹೇಳಬೇಕು. ಆ ಹೊತ್ತಿನಲ್ಲಿ ಜೊತೆಗೊಬ್ಬರು ಇರಬೇಕು. ಗುಂಪಿನವರು ಇದನ್ನು ತಾವೇ ಸರಿಪಡಿಸಲು ಹೋಗಬಾರದು, ಗುಟ್ಟಾಗಿಡುವ ಮಾತನ್ನೂ ಕೊಡಬಾರದು.

ಹತ್ತೊಂಬತ್ತನೆಯ ವಾರ

ಪ್ಯಾಕಿಂಗ್ ಸಾಮಗ್ರಿಯವರು ಹೇಳಿದ ಹೆಸರಿನಿಂದ ಇನ್ನೊಂದು ಹೆಸರು ಸಿಕ್ಕಿತು, ಅಲ್ಲಿಂದ ಇನ್ನೂ ಜಾಹೀರಾತಾಗದ ಒಂದು ಹುದ್ದೆ. ಒಂದು ವರ್ಷದ ಗುತ್ತಿಗೆ, ಸಂಬಳ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ. ಹಣದ ಭಾನುವಾರದ ಲೆಕ್ಕ ಮುಂದಿದ್ದುದರಿಂದ ಒಪ್ಪುವ ನಿರ್ಧಾರಕ್ಕೆ ಒಂದು ಸಂಜೆ ಸಾಕಾಯಿತು.

ಗುಂಪಿನಿಂದಲೇ ಕೆಲಸ ಸಿಕ್ಕಿತು ಎಂದು ಹೇಳಲಾಗದು. ಮಾರುಕಟ್ಟೆ ಕೆಟ್ಟಿದ್ದರೆ ಇಷ್ಟೆಲ್ಲ ಮಾಡಿಯೂ ಇನ್ನಾರು ತಿಂಗಳು ಹಿಡಿಯಬಹುದಿತ್ತು. ಗುಂಪಿನ ಲೆಕ್ಕಕ್ಕೆ ನಿಸ್ಸಂಶಯವಾಗಿ ಹಾಕಬಹುದಾದದ್ದು ಎರಡು: ಆ ಸಂದೇಶಗಳು ಹೊರಬಿದ್ದದ್ದು, ಮತ್ತು ಹದಿನಾಲ್ಕನೆಯ ವಾರದ ಪೆಟ್ಟಿನ ನಂತರದ ಸೋಮವಾರ ಆಕೆ ಮತ್ತೆ ಬಂದು ಕೂತದ್ದು.

ಪರೀಕ್ಷಕನಿಗೆ ಆಗ ಕೆಲಸವಿಲ್ಲದ ಒಂಬತ್ತನೆಯ ತಿಂಗಳು. ಇನ್ನೊಬ್ಬರಿಗೆ ಕೆಲಸ ಸಿಕ್ಕ ಸಿಹಿಸುದ್ದಿ ಗುಂಪಿನಲ್ಲಿ ಎಲ್ಲರ ಮುಂದೆ ಕೇಳಿಬಂದರೆ, ಅಭಿನಂದಿಸುವ ಮುಖ ಹೊರಬೇಕಾದ ಭಾರ ಹಿಂದುಳಿದವರ ಮೇಲೆ ಬೀಳುತ್ತದೆ. ಆಕೆ ಆತನಿಗೆ ಹಿಂದಿನ ದಿನವೇ ಒಬ್ಬಳೇ ಫೋನ್ ಮಾಡಿ ತಿಳಿಸಿದಳು. ಆತ ಸೋಮವಾರದ ಸಭೆಗೆ ಬರುವುದಿಲ್ಲ ಎಂದ, ಆಕೆ ಒತ್ತಾಯಿಸಲಿಲ್ಲ. ಗುರುವಾರ ಬಂದ. ಕೆಲಸ ಸಿಕ್ಕವರು ಇನ್ನೆರಡು ಸಭೆಗೆ ಬರಬೇಕು ಎಂಬುದು ಗುಂಪಿನ ಕ್ರಮ. ಮೊದಲನೆಯದರಲ್ಲಿ ಯಾರ ಮೂಲಕ, ಯಾವ ಪ್ರಶ್ನೆಗೆ ಯಾವ ಉತ್ತರ, ಎಲ್ಲಿ ಎಡವಿದೆ ಎಂದು ವಿವರವಾಗಿ ಹೇಳುವುದು. ಎರಡನೆಯದರಲ್ಲಿ ತನ್ನ 24 ಹೆಸರುಗಳಲ್ಲಿ ಉಳಿದವರಿಗೆ ಯಾರು ಯಾರು ಉಪಯೋಗವಾಗಬಹುದು ಎಂದು ನೋಡಿ, ಆ ಪರಿಚಯಸ್ಥರ ಒಪ್ಪಿಗೆ ಕೇಳಿ, ಮಾತಾಡಿಸಿಕೊಡುವುದು. ಆಕೆ ಪರೀಕ್ಷಕನಿಗೆ ಇಬ್ಬರನ್ನು ಪರಿಚಯಿಸಿದಳು. ಆಮೇಲೆ ತಿಂಗಳಿಗೊಂದು ಶನಿವಾರ ಅಣಕು ಇಂಟರ್ವ್ಯೂನಲ್ಲಿ ಪ್ರಶ್ನೆ ಕೇಳುವವಳಾಗಿ ಮಾತ್ರ ಬರುತ್ತಾಳೆ. ಖಾಲಿಯಾದ ಜಾಗಕ್ಕೆ ಶಿಕ್ಷಕಿ ಒಬ್ಬರನ್ನು ಸೂಚಿಸಿದ್ದಾರೆ. ಸಾಗಣೆ ವಿಭಾಗದಲ್ಲಿದ್ದವರು, ಕೆಲಸ ಹೋಗಿ ಮೂರು ವಾರ. ಹೊಸಬರು ಮೊದಲ ಸಭೆಯಲ್ಲಿ ಮಾತಾಡಬೇಕಾಗಿಲ್ಲ. ಎರಡನೆಯದಕ್ಕೆ ನಾಲ್ಕು ಕಾಲಂನ ಹಾಳೆ ತುಂಬಿಸಿ ತರಬೇಕು.